ಪಿಎಲ್‌ಎ ಮೇಲೆ ಹೊರಿಸಿದ ಅಪವಾದ

ಪಿಎಲ್‌ಎ ಮಂದ, ಪಿಎಚ್‌ಬಿ ಪೆಡಸು. ಜೈವಿಕವಾಗಿ ಕೊಳೆಯುವ ಪ್ಲಾಸ್ಟಿಕ್‌ಗಳ ಮಾತು ಎದ್ದಾಗಲೆಲ್ಲ ಈ ಎರಡು ತೀರ್ಪುಗಳು ತಪ್ಪದೆ ಬರುತ್ತವೆ. ಪಾಲಿಲ್ಯಾಕ್ಟಿಕ್ ಆಮ್ಲ, ಅಂದರೆ ಪಿಎಲ್‌ಎ, ಸ್ಫಟಿಕ ಕಟ್ಟಲು ಸತಾಯಿಸುತ್ತದೆ; ಅದರ ಲೋಟಕ್ಕೆ ಬಿಸಿ ಚಹಾ ಸುರಿದರೆ ಸೊಟ್ಟಗಾಗುತ್ತದೆ; ಚಮಚ ಮಾಡಿದರೆ ಲಟಕ್ಕನೆ ಮುರಿಯುತ್ತದೆ. ಬ್ಯಾಕ್ಟೀರಿಯಾಗಳು ತಮ್ಮೊಳಗೆ ಕೂಡಿಡುವ ಪಿಎಚ್‌ಬಿ ಅಚ್ಚಿನಿಂದ ಹೊರಬಂದ ದಿನ ಪರವಾಗಿಲ್ಲ ಅನ್ನಿಸಿ, ಉಗ್ರಾಣದಲ್ಲಿ ಕೂತಲ್ಲೇ ದಿನೇ ದಿನೇ ಪೆಡಸಾಗುತ್ತದೆ. ಪಾಲಿಮರ್ ಓದಿಸುವ ಮೇಷ್ಟರು, ರೆಸಿನ್ ಮಾರುವ ಏಜೆಂಟರು, ಅದನ್ನು ಕರಗಿಸಿ ಚೀಲ, ತಟ್ಟೆ ಮಾಡುವ ಕಾರ್ಖಾನೆಯವರು, ಮೂವರೂ ಒಪ್ಪುವ ಮಾತಿದು: ಪದಾರ್ಥದ ಜಾತಕವೇ ಹಾಗೆ. ರಸಾಯನಶಾಸ್ತ್ರಜ್ಞರು ಏನನ್ನಾದರೂ ಬೆರೆಸಿ ಉದ್ಧಾರ ಮಾಡಬೇಕು. ಯಂತ್ರದ ಪಾಲಿಗೆ ಉಳಿದಿರುವುದು ಕರಗಿಸಿ ಅಚ್ಚಿಗೆ ತುಂಬುವ ಕೂಲಿ ಕೆಲಸ ಮಾತ್ರ.

ಈ ನಂಬಿಕೆ ಬುಡದಲ್ಲೇ ತಪ್ಪು. ಕರಗಿದ ಪಾಲಿಮರ್ ಎಷ್ಟು ವೇಗದಲ್ಲಿ ಹರಿಯಿತು, ಯಾವ ದಿಕ್ಕಿಗೆ ಎಳೆಸಿಕೊಂಡಿತು, ಆ ಎಳೆತ ಸಡಿಲುವ ಮುನ್ನವೇ ತಣಿಯಿತೇ ಎಂಬ ಮೂರು ಸಂಗತಿಗಳನ್ನು ಬಿಟ್ಟು ಅದರ ಸ್ಫಟಿಕದ ಬಗ್ಗೆ ಏನು ಹೇಳಿದರೂ ಅದು ಅರೆಸತ್ಯ. ಪದಾರ್ಥದ ಮೇಲೆ ಹೊರಿಸಿದ ದೋಷಗಳಲ್ಲಿ ದೊಡ್ಡ ಪಾಲು ನಾವು ಅದನ್ನು ನಡೆಸಿಕೊಂಡ ರೀತಿಯ ದೋಷ. ಕುಣಿಯಲು ಬಾರದವಳು ಅಂಗಳ ಡೊಂಕು ಎಂದಳಂತೆ.

ತೀರ್ಪು ಎಲ್ಲಿಂದ ಬಂತು ನೋಡಿ. ಪ್ರಯೋಗಾಲಯಗಳಲ್ಲಿ ಡಿಎಸ್‌ಸಿ ಎಂಬ ಉಪಕರಣವಿದೆ. ಕೆಲವೇ ಮಿಲಿಗ್ರಾಂ ಪಾಲಿಮರನ್ನು ಪುಟ್ಟ ಅಲ್ಯೂಮಿನಿಯಂ ಬಟ್ಟಲಿಗೆ ಹಾಕಿ, ಮುಚ್ಚಳ ಒತ್ತಿ, ಕರಗಿಸಿ, ನಿಧಾನವಾಗಿ ತಣಿಸುತ್ತಾರೆ. ಸಾಮಾನ್ಯವಾಗಿ ನಿಮಿಷಕ್ಕೆ 10 ಡಿಗ್ರಿ. ಸ್ಫಟಿಕ ಕಟ್ಟುವಾಗ ಹೊರಬೀಳುವ ಶಾಖವನ್ನು ಉಪಕರಣ ಅಳೆಯುತ್ತದೆ. ಪಿಎಲ್‌ಎ ಅತಿ ಚುರುಕಾಗಿ ಸ್ಫಟಿಕವಾಗುವುದು 100ರಿಂದ 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಅಲ್ಲಿಯೂ ಕಟ್ಟಬಹುದಾದ ಸ್ಫಟಿಕದ ಅರ್ಧ ಕಟ್ಟಲು ಶುದ್ಧ ಎಲ್-ಲ್ಯಾಕ್ಟೈಡ್‌ನಿಂದ ಮಾಡಿದ ಮಾದರಿಗೆ ಕೆಲವು ನಿಮಿಷ ಬೇಕು. ಸರಪಳಿಯಲ್ಲಿ ಅದರ ಕನ್ನಡಿ ಬಿಂಬದಂಥ ಡಿ-ರೂಪದ ಘಟಕಗಳು ಶೇ 4ರಷ್ಟು ಸೇರಿಕೊಂಡರೆ ಹತ್ತಾರು ನಿಮಿಷ. ಇಂಜೆಕ್ಷನ್ ಮೋಲ್ಡಿಂಗ್ ಯಂತ್ರದಲ್ಲಿ ಒಂದು ಚಮಚದ ಸರದಿ ಮುಗಿಯಲು ಹಿಡಿಯುವುದು ಸೆಕೆಂಡುಗಳ ಲೆಕ್ಕ. ನಿಮಿಷವನ್ನು ಸೆಕೆಂಡಿನ ಪಕ್ಕ ಇಟ್ಟರು, ಪಿಎಲ್‌ಎ ಮಂದ ಎಂದು ಬರೆದುಕೊಂಡರು, ಕಡತ ಮುಚ್ಚಿದರು.

ಆ ಬಟ್ಟಲಿನೊಳಗಿನ ಕರಗು ಮಾತ್ರ ಒಂದಿಷ್ಟೂ ಅಲುಗುವುದಿಲ್ಲ. ಅಷ್ಟು ನಿಶ್ಚಲವಾದ ಕರಗು ಯಾವ ಕಾರ್ಖಾನೆಯಲ್ಲೂ ಇಲ್ಲ. ಕರಗನ್ನು ಸ್ಕ್ರೂನಿಂದ ತಳ್ಳುವ ಎಕ್ಸ್‌ಟ್ರೂಡರ್‌ನಲ್ಲಿ ಅದರ ಪದರಗಳು ಒಂದರ ಮೇಲೊಂದು ಜಾರುವ ದರ, ಅಂದರೆ ಶಿಯರ್ ದರ, ಸೆಕೆಂಡಿಗೆ ನೂರರಿಂದ ಸಾವಿರ. ಇಂಜೆಕ್ಷನ್ ಮೋಲ್ಡಿಂಗ್‌ನ ಸಣ್ಣ ಬಾಯಲ್ಲಿ ಹಲವು ಸಾವಿರ. ನೂಲು ತೆಗೆಯುವಾಗ, ಫಿಲ್ಮ್ ಊದುವಾಗ ಜಾರುವುದರ ಮೇಲೆ ಉದ್ದುದ್ದಕ್ಕೆ ಎಳೆತವೂ ಸೇರುತ್ತದೆ. ಸರಪಳಿಗಳ ಮೇಲೆ ಅದರ ಪರಿಣಾಮ ಶಿಯರ್‌ಗಿಂತ ಎಷ್ಟೋ ಪಾಲು ಪ್ರಬಲ.

ಮಂದ ಎನಿಸಿಕೊಂಡ ಇದೇ ಪಿಎಲ್‌ಎಯಿಂದ ಟೆನಿಸ್ಸೀ ವಿಶ್ವವಿದ್ಯಾಲಯದ ಮೆಜ್‌ಘಾನಿ ಮತ್ತು ಸ್ಪ್ರೂಯೆಲ್ ನೂಲು ತೆಗೆದರು. ಫಲಿತಾಂಶ ಪ್ರಕಟವಾದದ್ದು 1998ರಲ್ಲಿ. ಸುತ್ತುವ ವೇಗ ಕಡಿಮೆ ಇದ್ದಾಗ ನೂಲಿನಲ್ಲಿ ಸ್ಫಟಿಕ ಅತ್ಯಲ್ಪ. ವೇಗವನ್ನು ನಿಮಿಷಕ್ಕೆ 2000ದಿಂದ 3000 ಮೀಟರ್‌ವರೆಗೆ ಏರಿಸಿದಾಗ ಕರಗು ಹೊರಬೀಳುವ ಬಾಯಿಯನ್ನು, ಅಂದರೆ ಡೈಯನ್ನು, ಬಿಟ್ಟು ಸುರುಳಿ ಸೇರುವಷ್ಟರಲ್ಲೇ ಗಣನೀಯ ಸ್ಫಟಿಕ ಕಟ್ಟಿತ್ತು. ನಿಮಿಷಕ್ಕೆ 3000 ಮೀಟರ್ ಎಂದರೆ ಸೆಕೆಂಡಿಗೆ 50 ಮೀಟರ್. ಡೈಯಿಂದ ಸುರುಳಿಗೆ ಇರುವ ಕೆಲವು ಮೀಟರ್ ದಾರಿಯನ್ನು ನೂಲು ಕ್ರಮಿಸಲು ಒಂದು ಸೆಕೆಂಡೂ ಬೇಕಿಲ್ಲ. ಬಟ್ಟಲಿನಲ್ಲಿ ನಿಮಿಷಗಟ್ಟಲೆ ಹಿಡಿದ ಕೆಲಸ ಎಳೆತದಲ್ಲಿ ಸೆಕೆಂಡಿನೊಳಗೆ ಆಗಿದೆ. ಅಂದಮೇಲೆ ಆ ನಿಮಿಷಗಳು ಪಿಎಲ್‌ಎಯ ಸ್ವಭಾವವನ್ನು ಹೇಳುತ್ತವೆಯೇ, ಬಟ್ಟಲಿನ ಸ್ವಭಾವವನ್ನೇ?

ಕಾರಣದಲ್ಲಿ ಮಾಯಮಂತ್ರವಿಲ್ಲ. ಸಕ್ಕರೆ ಪಾಕ ತಣಿಯುವಾಗ ಸೌಟಾಡಿಸಿದರೆ ಹರಳು ಕಟ್ಟುತ್ತದೆಂದು ಅಡುಗೆಮನೆಗೆ ಗೊತ್ತು. ಪಾಲಿಮರ್‌ನಲ್ಲಿ ವಿಷಯ ಅದಕ್ಕಿಂತ ಒಂದು ಹೆಜ್ಜೆ ಮುಂದಿದೆ, ಏಕೆಂದರೆ ಸಕ್ಕರೆಯ ಅಣುವನ್ನು ಎಳೆದು ಉದ್ದ ಮಾಡಲಾಗದು, ಪಾಲಿಮರ್ ಸರಪಳಿಯನ್ನು ಮಾಡಬಹುದು. ಯಂತ್ರಕ್ಕೆ ಹೋಗುವ ಪಿಎಲ್‌ಎಯ ಒಂದೊಂದು ಸರಪಳಿಯಲ್ಲೂ ಸಾವಿರದ ಮೇಲೆ ಘಟಕಗಳು. ನಿಶ್ಚಲ ಕರಗಿನಲ್ಲಿ ಅವು ಸಿಕ್ಕುಸಿಕ್ಕಾಗಿ ಸುತ್ತಿಕೊಂಡಿರುತ್ತವೆ. ಸ್ಫಟಿಕವಾಗಬೇಕಾದರೆ ಬಿಚ್ಚಿಕೊಂಡು ಸಾಲಾಗಿ ನಿಲ್ಲಬೇಕು, ತಮ್ಮ ಸ್ವೇಚ್ಛೆಯನ್ನು ಬಿಟ್ಟುಕೊಡಬೇಕು. ನಿಧಾನಕ್ಕೆ ಕಾರಣವೇ ಈ ಬೆಲೆ. ಹರಿವು ಅವನ್ನು ಎಳೆದು ಒಂದು ದಿಕ್ಕಿಗೆ ತಿರುಗಿಸಿದರೆ ಬೆಲೆಯ ಒಂದು ಭಾಗ ಆಗಲೇ ಸಂದಾಯವಾದಂತೆ. ಸ್ಫಟಿಕ ಬೆಳೆಯಲು ಶುರುವಾಗುವ ಮೊಳಕೆಗಳ ಸಂಖ್ಯೆ ಏಕಾಏಕಿ ಏರುತ್ತದೆ. ಷರತ್ತು ಒಂದೇ. ಎಳೆಸಿಕೊಂಡ ಸರಪಳಿ ಮತ್ತೆ ಸುರುಳಿಯಾಗಲು ಬೇಕಾದ ಸಮಯಕ್ಕಿಂತ ಹರಿವು ಚುರುಕಾಗಿರಬೇಕು. ಆ ಸಮಯವನ್ನೂ ಹರಿವಿನ ದರವನ್ನೂ ಗುಣಿಸಿ ಬರುವ ವೈಸೆನ್‌ಬರ್ಗ್ ಸಂಖ್ಯೆ ಒಂದನ್ನು ದಾಟಬೇಕು. ಕರಗು ತಣ್ಣಗಾದಷ್ಟೂ ಸರಪಳಿಗಳು ಸಾವಕಾಶವಾಗಿ ಸಡಿಲುತ್ತವೆ, ಹಾಗಾಗಿ 200 ಡಿಗ್ರಿಯಲ್ಲಿ ವ್ಯರ್ಥವಾಗುವ ಎಳೆತ 140ರಲ್ಲಿ ಫಲ ಕೊಡುತ್ತದೆ.

ಇದೇನು ನಿನ್ನೆ ಮೊನ್ನೆಯ ತಿಳಿವಳಿಕೆಯಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಆಲ್ಬರ್ಟ್ ಪೆನ್ನಿಂಗ್ಸ್ ಪಾಲಿಎಥಿಲೀನ್ ದ್ರಾವಣವನ್ನು ಕದಡಿ, ನಡುವೆ ನೇರ ದಂಡ, ಅದರ ಸುತ್ತ ಬಿಲ್ಲೆಗಳು ಪೋಣಿಸಿಕೊಂಡ ಸ್ಫಟಿಕಗಳನ್ನು ತೋರಿಸಿದ್ದು 1965ರಲ್ಲಿ. ಸಲಾಕಿಗೆ ಚುಚ್ಚಿದ ಮಾಂಸದ ತುಂಡುಗಳಂತೆ ಕಂಡದ್ದರಿಂದ ಅದಕ್ಕೆ ಶಿಶ್-ಕಬಾಬ್ ಎಂಬ ಹೆಸರೇ ನಿಂತಿತು (ಸಸ್ಯಾಹಾರಿ ಪ್ರಾಧ್ಯಾಪಕರೂ ಅದನ್ನೇ ಬೋರ್ಡಿನ ಮೇಲೆ ಬರೆಯುತ್ತಾರೆ). ಅದೇ ಪೆನ್ನಿಂಗ್ಸ್ ಗ್ರೋನಿಂಗನ್‌ನಲ್ಲಿ 1982ರಲ್ಲಿ ಸಹೋದ್ಯೋಗಿಗಳ ಜೊತೆ ಪಿಎಲ್‌ಎ ಎಳೆಗಳನ್ನು ಬಿಸಿಯಲ್ಲಿ ಬಲವಾಗಿ ಎಳೆದಾಗ ಹೊಸದೊಂದು ಸ್ಫಟಿಕ ರೂಪವೇ ಸಿಕ್ಕಿತು. ಈಗ ಅದನ್ನು ಬೀಟಾ ಎನ್ನುತ್ತಾರೆ. ಬಟ್ಟಲಿನಲ್ಲಿ ಸುಮ್ಮನೆ ತಣಿಸಿದರೆ ಆಲ್ಫಾ ಅಥವಾ ಅದರ ಅವ್ಯವಸ್ಥಿತ ತಮ್ಮ ಸಿಗುತ್ತಾನೆ, ಬೀಟಾ ಸಿಗುವುದಿಲ್ಲ. ಹರಿವು ಮತ್ತು ಎಳೆತದ ವಿದ್ಯೆಯಲ್ಲಿ ಪಳಗಿದ ಮನುಷ್ಯ ಪಿಎಲ್‌ಎಯನ್ನು ಕೈಗೆತ್ತಿಕೊಂಡು ನಾಲ್ಕು ದಶಕಗಳಾದ ಮೇಲೂ ನಾವು ಬಟ್ಟಲಿನ ಅಂಕಿಯನ್ನೇ ಜಪಿಸುತ್ತಿದ್ದೇವೆ.

ಪಕ್ಷಪಾತ ಎಷ್ಟು ಢಾಳಾಗಿದೆ ಎಂಬುದಕ್ಕೆ ಪಿಇಟಿಯನ್ನು ನೋಡಿ, ಅಂಗಡಿಯಲ್ಲಿ ಸಿಗುವ ನೀರಿನ ಬಾಟಲಿಯ ಪ್ಲಾಸ್ಟಿಕ್. ಅದೂ ಸ್ಫಟಿಕವಾಗುವುದರಲ್ಲಿ ನಿಧಾನಿಯೇ; ಬೇಗ ತಣಿಸಿದರೆ ಸ್ಫಟಿಕವಿಲ್ಲದ ಪಾರದರ್ಶಕ ಕೊಳವೆಯಾಗುತ್ತದೆ. ಆ ಕೊಳವೆಯನ್ನು ಮತ್ತೆ 100 ಡಿಗ್ರಿಯ ಆಸುಪಾಸಿಗೆ ಬಿಸಿಮಾಡಿ, ಉದ್ದಕ್ಕೆ ಎಳೆದು, ಅಡ್ಡಕ್ಕೆ ಊದಿದಾಗ ಎಳೆತದಿಂದಲೇ ಸ್ಫಟಿಕ ಹುಟ್ಟಿ, ತೆಳುವಾದ ಗೋಡೆ ಸೋಡಾದ ಒತ್ತಡ ತಡೆಯುತ್ತದೆ. ಡ್ಯುಪಾಂಟ್‌ನ ನಥಾನಿಯಲ್ ವೈತ್‌ಗೆ ಆ ಬಾಟಲಿಯ ಪೇಟೆಂಟ್ ಸಿಕ್ಕಿದ್ದು 1973ರಲ್ಲಿ. ಪಿಇಟಿ ಮಂದ, ಅದಕ್ಕೊಂದು ಔಷಧಿ ಬೆರೆಸಿ ಎಂದು ಯಾರೂ ಕೂಗಲಿಲ್ಲ. ಅದರ ಮಂದಗತಿಯನ್ನೇ ಅನುಕೂಲ ಮಾಡಿಕೊಂಡರು: ಮೊದಲು ಸ್ಫಟಿಕವಾಗದಂತೆ ತಡೆ, ಬೇಕಾದಾಗ ಎಳೆದು ಸ್ಫಟಿಕ ಮಾಡು. ಪಿಎಲ್‌ಎ ಹಾಳೆಯನ್ನೂ ಎರಡೂ ದಿಕ್ಕಿಗೆ ಮೂರು-ನಾಲ್ಕು ಪಟ್ಟು ಎಳೆದು, ಎಳೆದ ಸ್ಥಿತಿಯಲ್ಲೇ 120 ಡಿಗ್ರಿಗೂ ಮೇಲೆ ಬಿಸಿಕೊಟ್ಟು ನಿಲ್ಲಿಸಿದರೆ, ಮೊದಲು ಶೇ 5ರಷ್ಟು ಹಿಗ್ಗುವುದರೊಳಗೆ ಮುರಿಯುತ್ತಿದ್ದ ಹಾಳೆ ಅದರ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಬೆರಕೆಯಿಲ್ಲ, ಹೊಸ ರಸಾಯನಶಾಸ್ತ್ರವಿಲ್ಲ, ರೆಸಿನ್ ಅದೇ.

ಪಿಎಚ್‌ಬಿಯ ಕಥೆ ಇನ್ನೂ ಕಟು. ಪ್ಯಾರಿಸ್‌ನ ಪಾಸ್ತರ್ ಸಂಸ್ಥೆಯಲ್ಲಿ ಮಾರಿಸ್ ಲೆಮ್ವಾನ್ಯ್ 1920ರ ದಶಕದಲ್ಲಿ ಗುರುತಿಸಿದ ಈ ಪಾಲಿಮರ್ ಅತಿ ಶುದ್ಧ. ಅದೇ ಅದರ ತೊಡಕು. ಕಸಕಡ್ಡಿ ಇಲ್ಲದ್ದರಿಂದ ಸ್ಫಟಿಕಕ್ಕೆ ಮೊಳಕೆಗಳು ಕೆಲವೇ ಹುಟ್ಟುತ್ತವೆ. ಒಂದೊಂದೂ ದೈತ್ಯ ಗೋಳವಾಗಿ ಬೆಳೆದು, ತಣಿಯುವಾಗ ಕುಗ್ಗಲು ಆಗದೆ ಒಳಗೇ ಬಿರಿಯುತ್ತದೆ. ಬ್ರಿಸ್ಟಲ್‌ನ ಬಾರಂ ಮತ್ತು ಕೆಲ್ಲರ್ 1986ರಲ್ಲೇ ಇದನ್ನು ತೋರಿಸಿ, ಪೆಡಸುತನದ ಮೂಲ ಈ ಬಿರುಕುಗಳಲ್ಲಿದೆ ಎಂದರು. ಉರುಳೆಗಳ ನಡುವೆ ಒತ್ತಿದ ಪಿಎಚ್‌ಬಿ ಮುರಿಯದೆ ಬಾಗುವುದನ್ನೂ ತೋರಿಸಿದರು. ಜಪಾನಿನಲ್ಲಿ ತದಹಿಸ ಇವಾತ ಮತ್ತು ಸಂಗಡಿಗರು ಅತಿ ಉದ್ದ ಸರಪಳಿಗಳ ಪಿಎಚ್‌ಬಿಯನ್ನು ಕರಗಿಸಿ, ಥಟ್ಟನೆ ತಣಿಸಿ, ತಣ್ಣಗಿರುವಾಗಲೇ ಎಳೆದು 1 ಗಿಗಾಪಾಸ್ಕಲ್ ಮೀರಿದ ಬಲದ ಎಳೆಗಳನ್ನು ಮಾಡಿದರು. ಅದರಲ್ಲಿ ಸರಪಳಿಯ ಒಂದಷ್ಟು ಭಾಗ ತನ್ನ ಸಹಜ ತಿರುಚು ಬಿಟ್ಟು ಅಂಕುಡೊಂಕಾದ ಚಾಚು ರೂಪ ತಾಳಿತ್ತು. ಇಷ್ಟಾದ ಮೇಲೂ ಪಿಎಚ್‌ಬಿ ಹುಟ್ಟಾ ಪೆಡಸು ಎಂದು ಪಠ್ಯಪುಸ್ತಕ ಹೇಳಿದರೆ, ಅದು ಹೇಳುತ್ತಿರುವುದು ಒಂದು ರೀತಿಯಲ್ಲಿ ಮಾತ್ರ ತಣಿಸಿದ ಪಿಎಚ್‌ಬಿಯ ಕಥೆಯನ್ನು.

ಎದುರು ವಾದಗಳಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಮೊದಲನೆಯದನ್ನು ನಾನೂ ಒಪ್ಪುತ್ತೇನೆ: ಈ ಪಾಲಿಮರ್‌ಗಳು ಪಾಲಿಪ್ರೊಪಿಲೀನ್‌ನಷ್ಟು ಗಟ್ಟಿ ಪಿಂಡಗಳಲ್ಲ. ಪಿಎಚ್‌ಬಿ ಕರಗುವುದು 175 ಡಿಗ್ರಿಯ ಆಸುಪಾಸಿನಲ್ಲಿ, ಅಲ್ಲಿಂದ ಹತ್ತಿಪ್ಪತ್ತು ಡಿಗ್ರಿ ಮೇಲೇರಿದರೆ ಸರಪಳಿಗಳೇ ತುಂಡಾಗತೊಡಗುತ್ತವೆ. ಸ್ಕ್ರೂ ಜೋರಾಗಿ ತಿರುಗಿಸಿದರೆ ಘರ್ಷಣೆಯ ಶಾಖವೇ ಸಾಕು. ಪಿಎಲ್‌ಎಗೆ ತೇವದ ಶತ್ರುತ್ವ. ತೇವಾಂಶ 250 ಪಿಪಿಎಂಗಿಂತ ಕೆಳಗಿಳಿಯುವ ತನಕ ಡ್ರೈಯರ್‌ನಲ್ಲಿ ಒಣಗಿಸದೆ ಹಾಪರ್‌ಗೆ ಸುರಿದರೆ ನೀರು ಸರಪಳಿಗಳನ್ನು ಕತ್ತರಿಸುತ್ತದೆ. ಹಾಗಾಗಿ ಹರಿವು ಹೆಚ್ಚಿಸಿ ಎಂದರೆ ಕುರುಡಾಗಿ ವೇಗ ಏರಿಸಿ ಎಂದರ್ಥವಲ್ಲ.

ಬಟ್ಟಲಿನ ಪರೀಕ್ಷೆಯ ದೊಡ್ಡ ಎಡವಟ್ಟು ಬಯಲಾಗುವುದೂ ಇಲ್ಲಿಯೇ. ಸರಪಳಿ ತುಂಡಾದ ಪಿಎಲ್‌ಎಯನ್ನು ಡಿಎಸ್‌ಸಿಗೆ ಹಾಕಿದರೆ ಅದು ಇನ್ನೂ ಬೇಗ ಸ್ಫಟಿಕವಾಗುತ್ತದೆ. ಗಿಡ್ಡ ಸರಪಳಿಗಳು ಬೇಗ ಬಿಚ್ಚಿಕೊಳ್ಳುತ್ತವೆ ತಾನೇ? ಹಾಳಾದ ಮಾಲಿಗೆ ಉಪಕರಣ ಶಹಭಾಸ್ ಎನ್ನುತ್ತದೆ. ಯಂತ್ರದಲ್ಲಿ ಮಾತ್ರ ಅದೇ ಮಾಲು ಎಳೆತವನ್ನು ಹಿಡಿದಿಟ್ಟುಕೊಳ್ಳಲಾರದು, ಏಕೆಂದರೆ ಹರಿವಿಗೆ ಹೆಚ್ಚು ಓಗೊಡುವುದು ಉದ್ದನೆಯ ಸರಪಳಿಗಳು, ಮೊದಲು ಕಳೆದುಹೋದದ್ದೂ ಅವೇ. ಕ್ಯಾಲ್‌ಟೆಕ್‌ನ ಜೂಲಿಯಾ ಕಾರ್ನ್‌ಫೀಲ್ಡ್ ಅವರ ತಂಡ 2007ರಲ್ಲಿ ಪಾಲಿಪ್ರೊಪಿಲೀನ್ ಮೇಲೆ ನ್ಯೂಟ್ರಾನ್ ಹಾಯಿಸಿ ಕಂಡುಕೊಂಡದ್ದು ಇನ್ನೂ ಸೂಕ್ಷ್ಮ: ಕಬಾಬಿನ ಸಲಾಕಿಯಲ್ಲಿ ಉದ್ದ ಸರಪಳಿಗಳೇ ತುಂಬಿಕೊಂಡಿರುವುದಿಲ್ಲ, ಅವು ಅಕ್ಕಪಕ್ಕದ ಗಿಡ್ಡ ಸರಪಳಿಗಳನ್ನೂ ಸಾಲಿಗೆ ಎಳೆತರುತ್ತವೆ. ಮುಂದಾಳುಗಳು ಕೆಲವರೇ ಸಾಕು, ಆದರೆ ಬೇಕೇ ಬೇಕು. ಒಣಗಿಸದ ರೆಸಿನ್ ಆ ಕೆಲವರನ್ನೇ ಕೊಂದಿರುತ್ತದೆ.

ಎರಡನೆಯ ವಾದ, ಟಾಲ್ಕ್ ಹಾಕಿದರೆ ಮುಗಿಯಿತಲ್ಲ ಎಂಬುದು. ಟಾಲ್ಕ್ ಪುಡಿ ಮೊಳಕೆಗಳನ್ನು ಕೊಡುತ್ತದೆ, ನಿಜ. ಅಚ್ಚನ್ನು 100 ಡಿಗ್ರಿಗೆ ಕಾಯಿಸಿ ಇಟ್ಟರೆ ಬಿಸಿ ಸಾರಿಗೆ ಬಾಗದ ಚಮಚವೂ ಸಿಗುತ್ತದೆ. ಆದರೆ ಆ ಚಮಚ ಬಿಸಿಗೆ ಬಾಗದಿದ್ದರೂ ಬಲಕ್ಕೆ ಮುರಿಯುತ್ತದೆ. ಮೊಳಕೆ ಕೊಟ್ಟವನು ದಿಕ್ಕು ಕೊಡಲಿಲ್ಲ. ಅಲ್ಲದೆ ಟಾಲ್ಕ್ ಹಾಕಿದ ಕರಗೂ ಹರಿದೇ ಅಚ್ಚು ಸೇರಬೇಕು. ಗೋಡೆಗೆ ತಾಗಿದ ಪದರದಲ್ಲಿ ಒಂದು ರಚನೆ, ನಡುವಿನಲ್ಲಿ ಇನ್ನೊಂದು. ಆ ಚಮಚದಿಂದ ಚೂರು ಕತ್ತರಿಸಿ ಡಿಎಸ್‌ಸಿಗೆ ಹಾಕಿ ಸ್ಫಟಿಕ ಶೇ 30 ಎಂದು ಬರೆದರೆ ಚರ್ಮ ಮತ್ತು ಒಡಲಿನ ಸರಾಸರಿ ಬರೆದಂತಾಯಿತು. ಇನ್ನು, ಕಾಯಿಸುವಾಗ ಬಟ್ಟಲಿನೊಳಗೇ ಹೊಸದಾಗಿ ಕಟ್ಟಿದ ಸ್ಫಟಿಕವನ್ನು ಲೆಕ್ಕದಿಂದ ಕಳೆಯದೆ ಅಂಕಿ ಕೊಡುವವರ ಬಗ್ಗೆ ಏನೂ ಹೇಳದಿರುವುದೇ ಮೇಲು.

ಮೂರನೆಯದು ಸೋಮಾರಿ ವಾದ: ಹರಿವನ್ನು ಅಳೆಯುವುದು ಕಷ್ಟ, ಡಿಎಸ್‌ಸಿ ಸುಲಭ, ಎಲ್ಲ ಕಡೆಯೂ ಒಂದೇ ಉತ್ತರ ಕೊಡುತ್ತದೆ. ಆದರೆ ಕಾರ್ನ್‌ಫೀಲ್ಡ್ ಅವರ ಪ್ರಯೋಗಾಲಯದಲ್ಲಿ ಗುರುಸ್ವಾಮಿ ಕುಮಾರಸ್ವಾಮಿ, ಕೆಲವೇ ಗ್ರಾಂ ಕರಗಿಗೆ ಕ್ಷಣಕಾಲ ನಿಗದಿತ ಒತ್ತಡದ ಶಿಯರ್ ಕೊಟ್ಟು ಮುಂದೇನಾಗುತ್ತದೆಂದು ಬೆಳಕು ಮತ್ತು ಎಕ್ಸ್-ಕಿರಣದಿಂದ ನೋಡುವ ಸಾಧನವನ್ನು ರೂಪಿಸಿ ವಿವರ ಪ್ರಕಟಿಸಿದ್ದು 1999ರಲ್ಲಿ. ಆಮೇಲೆ ಅವರು ಪುಣೆಯ ನ್ಯಾಷನಲ್ ಕೆಮಿಕಲ್ ಲ್ಯಾಬೊರೇಟರಿಯಲ್ಲೇ ಎಷ್ಟೋ ವರ್ಷ ಕೆಲಸ ಮಾಡಿದರು. ವಿದ್ಯೆ ನಮ್ಮ ದೇಶದೊಳಗೆ, ಬೆಂಗಳೂರಿನಿಂದ ಒಂದು ರೈಲಿನ ದೂರದಲ್ಲಿತ್ತು.

ನಾಲ್ಕನೆಯದು ನಾನು ಗೌರವಿಸುವ ವಾದ. ಈ ಪ್ಲಾಸ್ಟಿಕ್‌ಗಳ ಸಾರ್ಥಕತೆ ಇರುವುದು ಕೊಳೆಯುವುದರಲ್ಲಿ; ಹೇಗೆ ಎಳೆದರೇನು, ಕೊನೆಗೆ ಕಾಂಪೋಸ್ಟ್ ಗುಂಡಿಗೆ ತಾನೇ ಹೋಗುವುದು? ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್‌ಗಳ ಐಎಸ್ಓ 17088 ಮಾನದಂಡದ ಪರೀಕ್ಷೆ ನಡೆಯುವುದು 58 ಡಿಗ್ರಿಯ ಆಸುಪಾಸಿನಲ್ಲಿ. ಪಿಎಲ್‌ಎಯ ಸ್ಫಟಿಕವಲ್ಲದ ಭಾಗ ಮೆತ್ತಗಾಗುವುದೂ ಅಲ್ಲೇ. ಎಳೆತದ ನೆನಪೆಲ್ಲ ಅಲ್ಲಿ ಅಳಿಸಿಹೋಗುತ್ತದೆ ಎನ್ನುತ್ತಾರೆ. ಸ್ಫಟಿಕವಲ್ಲದ ಭಾಗಕ್ಕೆ ಮಾತು ಸರಿ. ಆದರೆ ಸ್ಫಟಿಕ ಕರಗಲು 150 ಡಿಗ್ರಿ ದಾಟಬೇಕು. 58ರಲ್ಲಿ ಅದಕ್ಕೇನೂ ಆಗದು. ನೀರು ಮೊದಲು ನುಗ್ಗುವುದು ಅವ್ಯವಸ್ಥಿತ ಭಾಗಕ್ಕೆ, ಒತ್ತಾಗಿ ಜೋಡಿಸಿಕೊಂಡ ಸ್ಫಟಿಕ ಕೊನೆಯವರೆಗೂ ಜಗ್ಗದೆ ನಿಲ್ಲುತ್ತದೆ. ಯಾವ ಸ್ಫಟಿಕ, ಎಷ್ಟು, ಎಲ್ಲಿ ಎಂಬುದನ್ನು ತೀರ್ಮಾನಿಸಿದ್ದು ಹರಿವು. ಅದೇ ಮಾನದಂಡದಲ್ಲಿ ಚೂರಾಗುವ ಪರೀಕ್ಷೆಗೆ ವಸ್ತುವನ್ನು ಅದರ ಬಳಕೆಯ ದಪ್ಪದಲ್ಲೇ ಹಾಕುತ್ತಾರೆ, ಸಂತೋಷ. ಇಂಗಾಲದ ಡೈಆಕ್ಸೈಡ್ ಅಳೆಯುವ ಪರೀಕ್ಷೆಗೆ ಪುಡಿ ಮಾಡಿ ಹಾಕಿದರೂ ನಡೆಯುತ್ತದೆ.

ದೇಹದೊಳಗಿನ ಉದಾಹರಣೆ ಇನ್ನೂ ನಿಷ್ಠುರ. ಗ್ರೋನಿಂಗನ್‌ನ ವೈದ್ಯರು ಕೆನ್ನೆಮೂಳೆ ಮುರಿದವರಿಗೆ ಪಿಎಲ್‌ಎಯ ಪಟ್ಟಿ ಮತ್ತು ಸ್ಕ್ರೂ ಹಾಕಿದ್ದರು. ಅವನ್ನು ಮಾಡಿದ್ದು ಪಾಲಿಮರೀಕರಣದ ಪಾತ್ರೆಯಲ್ಲೇ ಘನವಾಗಿ ಸ್ಫಟಿಕ ಕಟ್ಟಿಕೊಂಡ ಗಟ್ಟಿಯಿಂದ. ಯಾವ ಡೈಯನ್ನೂ ಹಾದುಹೋದ ಕರಗಲ್ಲ ಅದು. ಮೂಳೆ ಕೂಡಿಕೊಂಡಿತು, ಎಲ್ಲ ಸರಿಯಾಯಿತು. ಮೂರು ವರ್ಷಗಳ ನಂತರ ಕೆಲವರು ಮುಖದಲ್ಲಿ ಬಾವು ಎಂದು ಮರಳಿದರು. 1990ರ ದಶಕದಲ್ಲಿ ಬೆರ್ಗ್ಸ್‌ಮಾ ಮತ್ತು ಸಂಗಡಿಗರು ಪ್ರಕಟಿಸಿದ ವರದಿಗಳ ಪ್ರಕಾರ, 5.7 ವರ್ಷಗಳಾದ ಮೇಲೂ ಅಂಗಾಂಶದೊಳಗೆ ಪಿಎಲ್‌ಎಯ ಸ್ಫಟಿಕ ಚೂರುಗಳು ಉಳಿದಿದ್ದವು. ಪದಾರ್ಥದ ಹೆಸರನ್ನು ನಂಬಿದರೆ ಅದು ಕರಗಿಹೋಗುವ ಪಾಲಿಮರ್.

ಊರಿನ ಚೀಲಕ್ಕೆ ಬರೋಣ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಕಾಂಪೋಸ್ಟ್ ಆಗುವ ಚೀಲಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಕೇಳುತ್ತವೆ, ದಪ್ಪದ ಮಿತಿಯಿಂದ ವಿನಾಯಿತಿ ಕೊಡುತ್ತವೆ. ಇಂಥ ಚೀಲಗಳಲ್ಲಿ ಬಹಳಷ್ಟು ಪಿಬಿಎಟಿ ಎಂಬ ಮೆತ್ತನೆಯ ಪಾಲಿಮರ್‌ಗೆ ಒಂದಷ್ಟು ಪಿಎಲ್‌ಎ ಬೆರೆಸಿ ಊದಿದವು. ಗಿರಾಕಿಗಳ ದೂರು ಎಲ್ಲ ಕಡೆಯೂ ಒಂದೇ: ಚೀಲ ಉದ್ದುದ್ದಕ್ಕೆ ಪರ್‌ ಎಂದು ಸೀಳುತ್ತದೆ. ರೆಸಿನ್ ಸರಿಯಿಲ್ಲ, ಗ್ರೇಡ್ ಬದಲಿಸಿ ಎಂಬ ಸಲಹೆ ಸಿದ್ಧವಿರುತ್ತದೆ. ಆ ಸೀಳು ಹುಟ್ಟುವುದು ಯಂತ್ರದಲ್ಲಿ. ಪಾಲಿಎಥಿಲೀನ್‌ಗೆಂದು ಕೂರಿಸಿದ ಡೈಯ ಸಂದು 1.5 ಮಿಲಿಮೀಟರ್, ಫಿಲ್ಮ್ 20 ಮೈಕ್ರಾನ್ ಎಂದಿಟ್ಟುಕೊಳ್ಳಿ. ಕರಗು ಒಟ್ಟು 75 ಪಟ್ಟು ತೆಳುವಾಗಬೇಕು. ಗುಳ್ಳೆಯನ್ನು ಅಡ್ಡಕ್ಕೆ ಎರಡೇ ಪಟ್ಟು ಊದಿದರೆ ಉಳಿದ 37 ಪಟ್ಟನ್ನೂ ಉದ್ದಕ್ಕೇ ಎಳೆಯಬೇಕಾಗುತ್ತದೆ. ಪಿಎಲ್‌ಎಯ ಹನಿಗಳು ಆ ಎಳೆತಕ್ಕೆ ನಾರಾಗಿ ಚಾಚಿ, ಸರಪಳಿಗಳೆಲ್ಲ ಒಂದೇ ದಿಕ್ಕಿಗೆ ಮಲಗಿ, ಆ ಸ್ಥಿತಿಯಲ್ಲೇ ಹೆಪ್ಪುಗಟ್ಟುತ್ತವೆ; ಸೀಳಲು ಗೆರೆ ಎಳೆದುಕೊಟ್ಟಂತೆ. ಗುಳ್ಳೆಯನ್ನು ಮೂರು ಪಟ್ಟು ಊದಿ, ಡೈಯ ಸಂದನ್ನು 1 ಮಿಲಿಮೀಟರ್‌ಗೆ ಇಳಿಸಿದರೆ ಉದ್ದದ ಎಳೆತ 17 ಪಟ್ಟಿಗೆ ಇಳಿಯುತ್ತದೆ, ಅಡ್ಡಕ್ಕೂ ಪಾಲು ಸಿಗುತ್ತದೆ. ಡೈಯ ತುಟಿ ಬದಲಿಸಲು ಖರ್ಚಿದೆ. ಗುಳ್ಳೆಯ ಗಾಳಿ ಹೆಚ್ಚಿಸಿ ನೋಡಲು ಬೇಕಾದದ್ದು ಒಂದು ಪಾಳಿಯ ಸ್ಕ್ರ್ಯಾಪ್ ಮಾತ್ರ, ಅದನ್ನು ಇವತ್ತಿನ ರೆಸಿನ್‌ನಲ್ಲೇ, ಗ್ರೇಡ್ ಬದಲಿಸುವ ಮೊದಲೇ ಮಾಡಬಹುದು.